ಗಾಜಿನೆಳೆಯ ಒಡಲಿನ ಕಾರುಗಳು: ಬೆಂಗಳೂರಿನ ಸನ್‌ರೈಸ್–ಸಿಪಾನಿ ಉದ್ಯಮದ ವೃತ್ತಾಂತ

ಬೆಂಗಳೂರಿನಿಂದ ಹೊಸಕೋಟೆ, ಕೋಲಾರ, ಮುಳಬಾಗಿಲುಗಳನ್ನು ಹಾಯ್ದು, ನಂಗಲಿಯ ಆಚೆಗೆ ಆಂಧ್ರದ ಗಡಿಯನ್ನು ದಾಟಿ ಮದರಾಸಿನತ್ತ ಸಾಗುವ ಹಳೆಯ ಹೆದ್ದಾರಿಯು ಈ ಸೀಮೆಯ ಜನರಿಗೆ ಚಿರಪರಿಚಿತವಾದುದು. 1970ರ ದಶಕದಲ್ಲಿ ಈ ಹಾದಿಯ ಬದಿಯಲ್ಲಿ ನಿಂತು ಎಣಿಸಿದವರಿಗೆ ಕಾಣಸಿಗುತ್ತಿದ್ದ ಕಾರುಗಳ ಜಾತಿಗಳು ಕೈಬೆರಳುಗಳಿಗಿಂತ ಹೆಚ್ಚಿರಲಿಲ್ಲ. ಉಬ್ಬಿದ ಮೂಗಿನ ಅಂಬಾಸಿಡರ್, ಚೌಕಾಕಾರದ ಫಿಯಟ್, ಅಲ್ಲೊಂದು ಇಲ್ಲೊಂದು ಸ್ಟ್ಯಾಂಡರ್ಡ್ ಹೆರಾಲ್ಡ್ – ಪಟ್ಟಿ ಬಹುಪಾಲು ಅಲ್ಲಿಗೇ ಮುಗಿಯುತ್ತಿದ್ದಿತು. ಆದರೆ ಅದೇ ದಶಕದ ನಡುಭಾಗದಿಂದ ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ವಿಚಿತ್ರಾಕಾರದ ಪುಟ್ಟ ವಾಹನ ಈ ಪಟ್ಟಿಗೆ ಸೇರಿತು. ಅದಕ್ಕೆ ಇದ್ದುದು ಮೂರೇ ಚಕ್ರ, ಮೈ ಕಬ್ಬಿಣದ್ದಲ್ಲ, ಗಾಜಿನೆಳೆಯದು, ಹೆಸರು ಬಾದಲ್. ಅದನ್ನು ತಯಾರಿಸಿದ ಸನ್‌ರೈಸ್ ಸಂಸ್ಥೆಯು ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರಾಗಿ, ಸುಮಾರು ಎರಡು ದಶಕಗಳ ಕಾಲ ಕಾರುಗಳನ್ನು ನಿರ್ಮಿಸಿ, ಅನಂತರ ಸದ್ದಿಲ್ಲದೆ ಮರೆಗೆ ಸರಿಯಿತು.

ಮಾರುತಿ ಕಾರು ರಸ್ತೆಗಿಳಿಯುವುದಕ್ಕೆ ಮೊದಲೇ ನಾಲ್ಕು ಚಕ್ರದ ಹಗುರವಾದ ಸಣ್ಣ ಕಾರನ್ನು ಮಾರುಕಟ್ಟೆಗೆ ತಂದ ಸಂಸ್ಥೆಯೊಂದು ಏಕೆ ಉಳಿಯಲಿಲ್ಲ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಜಾಣತನದ ಅಭಾವವೆಂದಾಗಲಿ, ಸಾಹಸದ ಅಭಾವವೆಂದಾಗಲಿ ಉತ್ತರಿಸಿದರೆ ಅದು ಸರಿಯಾಗದು. ಉತ್ತರದ ಒಂದು ಭಾಗ ಸರ್ಕಾರದ ಕಡತಗಳಲ್ಲಿಯೂ, ಇನ್ನೊಂದು ಭಾಗ ಗಾಜಿನೆಳೆ ಎಂಬ ಆ ಪದಾರ್ಥದ ಗುಣದಲ್ಲಿಯೂ ಅಡಗಿದೆ.

ಮೈಸೂರು ಸೀಮೆಯಲ್ಲಿ ಮೋಟಾರು ಕಾರಿನ ಕನಸು ಕಂಡ ಮೊದಲಿಗರ ಹೆಸರು ಕೋಲಾರ ಜಿಲ್ಲೆಯೊಡನೆ ಹೆಣೆದುಕೊಂಡಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಜನಿಸಿದ ಮುದ್ದೇನಹಳ್ಳಿಯು, 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ, ಕೋಲಾರ ಜಿಲ್ಲೆಗೇ ಸೇರಿದ್ದಿತು. ದಿವಾನಗಿರಿಯಿಂದ ನಿವೃತ್ತರಾಗಿ ಹದಿನೇಳು ವರ್ಷ ಕಳೆದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಅವರು ಯೂರೋಪು ಹಾಗೂ ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಅಭ್ಯಸಿಸಿ ಬಂದರು. ಭಾರತದಲ್ಲಿ ಕಾರುಗಳನ್ನು ಬರಿದೇ ಜೋಡಿಸುವುದಲ್ಲ, ಬುಡದಿಂದ ನಿರ್ಮಿಸಬೇಕೆಂಬ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಇದಕ್ಕೆ ಹೆಗಲು ಕೊಟ್ಟು, ಅಮೆರಿಕದ ಕ್ರೈಸ್ಲರ್ ಸಂಸ್ಥೆಯೊಡನೆ ಮಾತುಕತೆ ನಡೆಸಿದರು. ಮುಂಬಯಿಯ ಕಾಂಗ್ರೆಸ್ ಸರ್ಕಾರವೂ, ಬಳಿಕ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಮೈಸೂರು ಸರ್ಕಾರವೂ ನೆರವಿಗೆ ಮುಂದಾದವು. ಆದರೆ ದಿಲ್ಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಇಂತಹ ಕಾರ್ಖಾನೆಗೆ ಪ್ರೋತ್ಸಾಹವಿಲ್ಲವೆಂಬುದು ಅದರ ನಿಲುವಾಗಿದ್ದಿತು.

ಇಲ್ಲಿ ಇತಿಹಾಸದ ಒಂದು ಚೋದ್ಯವಿದೆ. ಕಾರಿಗೆ ಅನುಮತಿ ದೊರೆಯದ ವಾಲ್‌ಚಂದರಿಗೆ ವಿಮಾನಕ್ಕೆ ಅನುಮತಿ ದೊರೆಯಿತು! 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ 25 ಲಕ್ಷ ರೂಪಾಯಿಗಳ ಬಂಡವಾಳದ ನೆರವಿನೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಜನ್ಮತಾಳಿತು. ಯುದ್ಧಾನಂತರ ಅದೇ ಕಾರ್ಖಾನೆ ರೈಲು ಬೋಗಿಗಳನ್ನೂ ಕಟ್ಟಿತು. ಆ ಬೋಗಿ ವಿಭಾಗವು 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಗೆ ಸೇರಿತು. ಆ ಸಂಸ್ಥೆಯು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬುಲ್‌ಡೋಜರುಗಳನ್ನು ನಿರ್ಮಿಸುವ ಕಾರ್ಖಾನೆಯನ್ನು ತೆರೆಯಿತು. ಹೀಗೆ ಕಾರಿಗಾಗಿ ಹೊರಟ ಹಾದಿ ವಿಮಾನ, ರೈಲುಗಳನ್ನು ಬಳಸಿ ಬಂದು, ಬುಲ್‌ಡೋಜರಿನ ರೂಪದಲ್ಲಿ ಕೋಲಾರ ಜಿಲ್ಲೆಯನ್ನು ಮುಟ್ಟಿತೆನ್ನಬಹುದು. ವಾಲ್‌ಚಂದರ ಕಾರು ಕಾರ್ಖಾನೆಯು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಿಂದ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಬೆಂಗಳೂರಿಗೆ ಕಾರು ಬರಲಿಲ್ಲ.

ಸ್ವಾತಂತ್ರ್ಯಾನಂತರದ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1951ರ ಕೈಗಾರಿಕಾ ಅಧಿನಿಯಮದ ಪ್ರಕಾರ ಯಾವ ಕಾರ್ಖಾನೆ ಎಷ್ಟು ಸರಕನ್ನು ತಯಾರಿಸಬೇಕೆಂಬುದು ಸರ್ಕಾರದ ಪರವಾನಗಿಗೆ ಒಳಪಟ್ಟಿತು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಬಿಡಿಭಾಗಗಳನ್ನು ತರಿಸಿ ಬರಿದೇ ಜೋಡಿಸುವ ಸಂಸ್ಥೆಗಳಿಗೆ ಎಡೆಯಿಲ್ಲದಾಗಿ, ಜನರಲ್ ಮೋಟಾರ್ಸ್ ಹಾಗೂ ಫೋರ್ಡ್ ಸಂಸ್ಥೆಗಳು ಭಾರತದಿಂದ ಕಾಲ್ತೆಗೆದವು. ಉಳಿದ ಮೂರು ಕಾರ್ಖಾನೆಗಳ ಮುಂದೆ ಜನ ವರ್ಷಗಟ್ಟಲೆ ಕಾದು ನಿಂತರು. ಅಗ್ಗದ ಸಣ್ಣ ಕಾರೊಂದು ಬೇಕೆಂಬ ಮಾತು 1960ರ ಸುಮಾರಿನಿಂದಲೇ ಸರ್ಕಾರಿ ಸಮಿತಿಗಳಲ್ಲಿ ಚರ್ಚೆಯಾಗುತ್ತಿದ್ದಿತು. ಕರ್ನಾಟಕದ ಗಡಿಗೆ ಹೊಂದಿಕೊಂಡ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿಯವರು ಮೀರಾ ಎಂಬ ಪುಟ್ಟ ಕಾರನ್ನು ಸ್ವಂತ ಪ್ರಯತ್ನದಿಂದ ರೂಪಿಸಿ, ದಶಕಗಳ ಕಾಲ ತಿದ್ದಿ ತೀಡಿದರೂ ಅದು ಮಾರಾಟದ ಹಂತವನ್ನು ತಲಪಲಿಲ್ಲ. ಸಂಜಯ ಗಾಂಧಿಯವರ ಮೊದಲ ಮಾರುತಿ ಸಂಸ್ಥೆಯೂ ಜನರ ಕೈಗೆ ಕಾರನ್ನು ಕೊಡದೆಯೇ 1970ರ ದಶಕದ ಅಂತ್ಯದೊಳಗೆ ಮುಚ್ಚಿತು.

ಇಂತಹ ಕಾಲದಲ್ಲಿ, 1973ರಲ್ಲಿ, ಬೆಂಗಳೂರಿನಲ್ಲಿ ಸನ್‌ರೈಸ್ ಸಂಸ್ಥೆ ಸ್ಥಾಪಿತವಾಯಿತು. ಅದೇ ವರ್ಷದ ಕೊನೆಯಲ್ಲಿ ಅರಬ್ ರಾಷ್ಟ್ರಗಳ ನಿರ್ಧಾರದಿಂದ ಪೆಟ್ರೋಲಿನ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿದ್ದು ಕಾಕತಾಳೀಯ. ಸಣ್ಣ ಎಂಜಿನ್ನಿನ ವಾಹನಕ್ಕೆ ಅದಕ್ಕಿಂತ ಪ್ರಶಸ್ತವಾದ ಮುಹೂರ್ತ ಇನ್ನೊಂದಿರಲಿಲ್ಲ. 1975ರ ಹೊತ್ತಿಗೆ ಬಾದಲ್ ಸಿದ್ಧವಾಯಿತು. ಅಂಬಾಸಿಡರಿನ ಎಂಜಿನ್ 1489 ಸಿ.ಸಿ., ಫಿಯಟ್ಟಿನದು 1089 ಸಿ.ಸಿ.; ಬಾದಲ್ ವಾಹನದ್ದು ಕೇವಲ 198 ಸಿ.ಸಿ. ಅದೂ ಎರಡು ಹೊಡೆತದ, ಎಂದರೆ ಆಟೋರಿಕ್ಷಾ ಮತ್ತು ಸ್ಕೂಟರುಗಳ ವರ್ಗಕ್ಕೆ ಸೇರಿದ ಎಂಜಿನ್. ಈ ಬಗೆಯ ಎಂಜಿನ್ನಿನಲ್ಲಿ ಕವಾಟಗಳ ಜಂಜಾಟವಿಲ್ಲ, ಭಾಗಗಳು ಕಡಿಮೆ, ರಿಪೇರಿ ಸುಲಭ. ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಸುರಿಯಬೇಕು, ಅದು ಉರಿದಾಗ ಹಿಂದಿನಿಂದ ನೀಲಿ ಹೊಗೆ ಏಳುತ್ತದೆ. ಬಾದಲ್ ಎಂದರೆ ಹಿಂದಿಯಲ್ಲಿ ಮೋಡ. ಹೆಸರಿಟ್ಟವರ ಮನಸ್ಸಿನಲ್ಲಿ ಹಗುರವಾಗಿ ತೇಲುವ ಮೋಡವಿದ್ದಿರಬೇಕು. ನೀಲಿ ಹೊಗೆಯನ್ನು ಕಂಡವರಿಗೆ ಬೇರೊಂದು ಅರ್ಥವೂ ಹೊಳೆದಿದ್ದರೆ ಆಶ್ಚರ್ಯವಿಲ್ಲ.

ಮೂರು ಚಕ್ರದ ಕಾರು ಎಂದೊಡನೆ ನಗುವವರುಂಟು. ಆದರೆ ಅದಕ್ಕೆ ತಕ್ಕ ಲೆಕ್ಕಾಚಾರವಿದೆ. ಒಂದು ಚಕ್ರ, ಅದರ ಅಚ್ಚು, ಅದರ ಬ್ರೇಕು, ಚಕ್ರ ತಿರುಗಿಸುವ ಕೊಂಡಿಗಳು – ಇಷ್ಟೂ ಉಳಿತಾಯವಾಗುತ್ತವೆ. ಮುಕ್ಕಾಲು ಪೀಠವು ಏರುಪೇರಾದ ನೆಲದ ಮೇಲೆಯೂ ಕುಂಟುವುದಿಲ್ಲವೆಂಬುದನ್ನು ಶಾಲೆಯ ಭೌತವಿಜ್ಞಾನದ ಉಪಾಧ್ಯಾಯರು ಬಲ್ಲರು. ತೊಡಕಿರುವುದು ಚಲನೆಯಲ್ಲಿ. ಮುಂದೆ ಒಂದು, ಹಿಂದೆ ಎರಡು ಚಕ್ರಗಳಿರುವ ವಾಹನವು ತಿರುವಿನಲ್ಲಿ ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಿನ ಹೊರಮೂಲೆಯತ್ತ ನುಗ್ಗುತ್ತದೆ. ಆದರೆ ಆ ಮೂಲೆಯಲ್ಲಿ ಆಧಾರ ನೀಡಲು ಚಕ್ರವೇ ಇರುವುದಿಲ್ಲ. ಗ್ರಾಮಾಂತರದ ಹಾದಿಗಳಲ್ಲಿ ಇನ್ನೊಂದು ಬಗೆಯ ತೊಂದರೆ. ಎತ್ತಿನ ಗಾಡಿಗಳು ಕೊರೆದ ಜೋಡಿ ಜಾಡಿನಲ್ಲಿ ನಾಲ್ಕು ಚಕ್ರದ ಕಾರು ಹೇಗೋ ಸಾಗುತ್ತದೆ. ಮೂರು ಚಕ್ರದ್ದಕ್ಕೆ ಎರಡು ಜಾಡುಗಳ ನಡುವಿನ ದಿಬ್ಬವನ್ನೂ ಹಾಯಬೇಕಾಗುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಣ ಹಾದಿಗಳನ್ನು ಕಂಡವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಸಂಸ್ಥೆಯು ಈ ಕೊರತೆಯನ್ನು ಅರಿತು ಬಾದಲ್ 4 ಎಂಬ ನಾಲ್ಕು ಚಕ್ರದ ರೂಪವನ್ನೂ ಹೊರತಂದಿತು. ಆದರೆ 198 ಸಿ.ಸಿ.ಯ ಎಂಜಿನ್ನಿಗೆ ಒಂದು ಸಂಸಾರವನ್ನೂ ಅದರ ಗಂಟುಮೂಟೆಯನ್ನೂ ಎಳೆಯುವುದು ಭಾರವೇ ಸರಿ.

ಈ ಉದ್ಯಮದ ಹೃದಯವೆಂದರೆ ಗಾಜಿನೆಳೆಯ ಒಡಲು. ಅದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಮಾಲೂರು ಇಟ್ಟಿಗೆ ಹಾಗೂ ಹೆಂಚುಗಳಿಗೆ ಹೆಸರಾದ ಊರು. ಅಲ್ಲಿಯ ಉದಾಹರಣೆಯಿಂದಲೇ ಇದನ್ನು ವಿವರಿಸಬಹುದು. ಮರದ ಅಚ್ಚಿನಲ್ಲಿ ಮಣ್ಣು ತುಂಬಿ ಕೈಯಿಂದ ಇಟ್ಟಿಗೆ ಕೊಯ್ಯುವವನಿಗೆ ಬೇಕಾದ ಬಂಡವಾಳ ಅತ್ಯಲ್ಪ. ಒಂದು ಅಚ್ಚು, ಮಣ್ಣು, ನೀರು, ಎರಡು ಕೈಗಳು ಸಾಕು. ಆದರೆ ಹತ್ತು ಸಾವಿರ ಇಟ್ಟಿಗೆ ಬೇಕಾದರೆ ಹತ್ತು ಸಾವಿರ ಸಲ ಬಗ್ಗಬೇಕು. ಹೆಂಚಿನ ಕಾರ್ಖಾನೆಯಲ್ಲಿ ಒತ್ತುಯಂತ್ರವನ್ನು ಸ್ಥಾಪಿಸಲು ಹಣ ಬಹಳ ಬೇಕು. ಸ್ಥಾಪಿಸಿದ ಮೇಲೆ ಒಂದೊಂದು ಹೆಂಚಿಗೂ ತಗಲುವ ಶ್ರಮ, ಸಮಯಗಳು ಕ್ಷಣಮಾತ್ರ. ಕಾರಿನ ಮೈಗೂ ಇದೇ ನ್ಯಾಯ. ಉಕ್ಕಿನ ತಗಡನ್ನು ಬಾಗಿಲು, ಚಾವಣಿ, ಮೂತಿಗಳ ಆಕಾರಕ್ಕೆ ಒತ್ತುವ ಬೃಹತ್ ಯಂತ್ರಗಳೂ ಅವುಗಳ ಪಡಿಯಚ್ಚುಗಳೂ ಕೋಟಿಗಟ್ಟಲೆ ವೆಚ್ಚದವು. ಆ ವೆಚ್ಚ ಲಕ್ಷಾಂತರ ಕಾರುಗಳ ಮೇಲೆ ಹಂಚಿಹೋದಾಗ ಮಾತ್ರ ಒಂದು ಕಾರಿನ ಬೆಲೆ ಇಳಿಯುತ್ತದೆ. ಗಾಜಿನೆಳೆಗೆ ಇದಾವುದೂ ಬೇಡ. ಮೊದಲು ಆಕಾರಕ್ಕೆ ತಕ್ಕ ಅಚ್ಚನ್ನು ಮಾಡಿ, ಅದರ ಒಳಮೈಗೆ ಅಂಟದಂತೆ ಮೇಣವನ್ನು ಸವರಿ, ಬಣ್ಣದ ಪದರವನ್ನು ಬಳಿಯುತ್ತಾರೆ. ಅದರ ಮೇಲೆ ಗಾಜಿನ ಸೂಕ್ಷ್ಮ ಎಳೆಗಳ ಚಾಪೆಯನ್ನು ಹಾಸಿ, ರಾಳವನ್ನೂ ಅದನ್ನು ಗಟ್ಟಿಗೊಳಿಸುವ ರಾಸಾಯನಿಕವನ್ನೂ ಬೆರೆಸಿ ಕುಂಚದಿಂದ ತೋಯಿಸಿ, ಗಾಳಿಯ ಗುಳ್ಳೆ ಉಳಿಯದಂತೆ ಉರುಳೆಯಿಂದ ಒತ್ತುತ್ತಾರೆ. ಪದರದ ಮೇಲೆ ಪದರ ಕೂಡಿ, ರಾಳ ಗಟ್ಟಿಯಾದ ಬಳಿಕ ಅಚ್ಚಿನಿಂದ ಬಿಡಿಸಿ, ಅಂಚು ಸವರಿದರೆ ಕಾರಿನ ಮೈಯ ಒಂದು ಭಾಗ ಸಿದ್ಧ.

ಇದರ ಗುಣಗಳು ಸಣ್ಣವಲ್ಲ. ತುಕ್ಕು ಹಿಡಿಯದು, ಉಕ್ಕಿಗಿಂತ ಹಗುರ, ಮಾದರಿಯನ್ನು ಬದಲಿಸಬೇಕಾದರೆ ಅಚ್ಚನ್ನು ಬದಲಿಸಿದರಾಯಿತು. ಬಂಡವಾಳ ಕಡಿಮೆಯಿದ್ದು, ಪರವಾನಗಿಯ ಪ್ರಮಾಣವೂ ಚಿಕ್ಕದಾಗಿದ್ದ ಕಾಲದಲ್ಲಿ ಒಬ್ಬ ಖಾಸಗಿ ಉದ್ಯಮಿಗೆ ಕಾರು ನಿರ್ಮಿಸಲು ಇದ್ದ ದಾರಿ ಬಹುಶಃ ಇದೊಂದೇ. ಆದರೆ ದೋಷವೂ ಅದೇ ಗುಣದ ಬೆನ್ನಿಗೇ ಇದ್ದಿತು. ಒಂದು ಮೈ ಗಟ್ಟಿಯಾಗುವವರೆಗೆ ಅಚ್ಚು ಬಿಡುವಾಗುವುದಿಲ್ಲ. ಬೇಡಿಕೆ ಹತ್ತುಪಟ್ಟು ಹೆಚ್ಚಿದರೆ ಅಚ್ಚುಗಳೂ ಹತ್ತುಪಟ್ಟು, ಕೈಗಳೂ ಹತ್ತುಪಟ್ಟು ಹೆಚ್ಚಬೇಕು. ಹೆಚ್ಚು ತಯಾರಿಸಿದಂತೆಲ್ಲ ಬೆಲೆ ಇಳಿಯುವ ಸೌಭಾಗ್ಯ ಇಲ್ಲಿಲ್ಲ. ಕೈಕೆಲಸವಾದ್ದರಿಂದ ಬಾಗಿಲಿನ ಸಂದುಗಳು ಒಂದು ಕಾರಿನಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದು ಕಷ್ಟ. ಮೇಲಾಗಿ ರಾಳವು ಪೆಟ್ರೋಲಿಯಂ ಉತ್ಪನ್ನ. ಪೆಟ್ರೋಲನ್ನು ಉಳಿಸುವ ಕಾರಿನ ಮೈಯೇ ಪೆಟ್ರೋಲಿನ ಬೆಲೆಗೆ ಕಟ್ಟುಬಿದ್ದಿದ್ದಿತು.

1982ರಲ್ಲಿ ಸಂಸ್ಥೆಯು ತನ್ನ ಅತ್ಯುತ್ತಮ ಕೃತಿಯನ್ನು ಹೊರತಂದಿತು. ಅದೇ ಡಾಲ್ಫಿನ್. ಇದರ ಮೂಲ ಇಂಗ್ಲೆಂಡಿನ ಟ್ಯಾಮ್‌ವರ್ತ್ ಪಟ್ಟಣದ ರಿಲಯಂಟ್ ಸಂಸ್ಥೆಯ ಕಿಟನ್ ಎಂಬ ಕಾರು. ರಿಲಯಂಟ್ ಸಂಸ್ಥೆಯು ಮೂರು ಚಕ್ರದ ಕಾರುಗಳಿಗೆ ಪ್ರಸಿದ್ಧ. ಇಂಗ್ಲೆಂಡಿನಲ್ಲಿ ಅಂತಹ ವಾಹನಕ್ಕೆ ತೆರಿಗೆ ಕಡಿಮೆ, ಮೋಟಾರ್ ಸೈಕಲ್ಲಿನ ಪರವಾನಗಿಯಲ್ಲೇ ಅದನ್ನು ನಡೆಸಬಹುದಾಗಿದ್ದಿತು. ಅವರ ರಾಬಿನ್ ಎಂಬ ಮೂರು ಚಕ್ರದ ಕಾರಿಗೆ ನಾಲ್ಕು ಚಕ್ರ ಜೋಡಿಸಿದ ಸೋದರನೇ ಕಿಟನ್. ಅದು ಅಲ್ಲಿ 1975ರಿಂದ 1982ರವರೆಗೆ ತಯಾರಾಗಿ, ಅಲ್ಲಿ ನಿಂತ ವರ್ಷವೇ ಬೆಂಗಳೂರಿನಲ್ಲಿ ಡಾಲ್ಫಿನ್ ಆಗಿ ಮರುಹುಟ್ಟು ಪಡೆಯಿತು. ಉಕ್ಕಿನ ಚೌಕಟ್ಟಿನ ಮೇಲೆ ಗಾಜಿನೆಳೆಯ ಮೈ. ನಾಲ್ಕು ಸಿಲಿಂಡರುಗಳ, 848 ಸಿ.ಸಿ.ಯ, ಅಲ್ಯುಮಿನಿಯಂ ಮಿಶ್ರಲೋಹದ ಎಂಜಿನ್. ಹಿಂದಿನ ಚಕ್ರಗಳಿಗೆ ಚಾಲನೆ. ಮೂಲ ಕಿಟನ್ ಕಾರಿನ ತೂಕ ಐದುನೂರು ಕಿಲೋಗಳಿಗಿಂತ ತುಸು ಮಾತ್ರ ಹೆಚ್ಚು. ಒಂದು ಟನ್ನಿಗೂ ಮೀರಿದ ಅಂಬಾಸಿಡರಿನ ಪಕ್ಕದಲ್ಲಿ ಅದು ಅರ್ಧದಷ್ಟಿದ್ದಿತು.

ಹಗುರತನದ ಫಲ ಮೊದಲು ಕಂಡುಬಂದುದು ಪಂದ್ಯಗಳ ಕಣದಲ್ಲಿ. ಮದರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ನೆಲೆಯೊಂದರ ಮೇಲೆ, ಮೋಟಾರು ಪಂದ್ಯಗಳು ನಡೆಯುತ್ತಿದ್ದವು. 1980ರ ದಶಕದಲ್ಲಿ ಆ ಪಂದ್ಯಗಳಲ್ಲಿಯೂ ರ‍್ಯಾಲಿಗಳಲ್ಲಿಯೂ ಡಾಲ್ಫಿನ್ ಕಾರುಗಳು ಸ್ಪರ್ಧಾಳುಗಳ ಅಚ್ಚುಮೆಚ್ಚಿನವಾದವು. ಎಂಜಿನ್ ಚಿಕ್ಕದಾದರೂ ಎಳೆಯಬೇಕಾದ ಭಾರವೂ ಚಿಕ್ಕದಾದ್ದರಿಂದ ಇದು ತನಗಿಂತ ದೊಡ್ಡ ಎಂಜಿನ್ನಿನ ಫಿಯಟ್, ಹೆರಾಲ್ಡ್ ಕಾರುಗಳೊಡನೆ ಸೆಣಸಬಲ್ಲುದಾಗಿದ್ದಿತು. ಬೆಂಗಳೂರಿನಲ್ಲಿ ಹುಟ್ಟಿದ ಕಾರೊಂದು ಮದರಾಸಿನ ಕಣದಲ್ಲಿ ಹೆಸರು ಮಾಡಿದುದು ಕನ್ನಡ ನಾಡಿನ ಯಂತ್ರೋದ್ಯಮದ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಸ್ಥಾನವನ್ನು ಪಡೆದಿಲ್ಲ.

ಆದರೆ ಪಂದ್ಯದ ಗೆಲುವು ಸಂಸಾರಸ್ಥನ ಮನಸ್ಸನ್ನು ಗೆಲ್ಲುವುದಿಲ್ಲ. ಡಾಲ್ಫಿನ್ ಕಾರಿಗೆ ಇದ್ದುದು ಎರಡೇ ಬಾಗಿಲು. ಇಂಗ್ಲೆಂಡಿನಲ್ಲಿ ಗಂಡಹೆಂಡಿರಿಬ್ಬರು ಮುಂದೆ ಕುಳಿತು ಹೋಗುವ ಕಾರಿಗೆ ಅದು ಸಾಕು. ಇಲ್ಲಿ ಕಾರು ಕೊಂಡವನ ಮನೆಯಲ್ಲಿ ವೃದ್ಧ ತಂದೆ ತಾಯಿಗಳಿರುತ್ತಾರೆ, ಮಕ್ಕಳಿರುತ್ತಾರೆ, ಮದುವೆಗೆ ಕರೆದೊಯ್ಯಬೇಕಾದ ನೆಂಟರಿರುತ್ತಾರೆ. ಸೀರೆಯುಟ್ಟ ಹಿರಿಯ ಮಹಿಳೆಯೊಬ್ಬರು ಮುಂದಿನ ಆಸನವನ್ನು ಮಡಿಸಿ ಹಿಂದಕ್ಕೆ ತೂರಿಕೊಳ್ಳುವುದೆಂದರೆ ಅದು ಸುಲಭದ ಮಾತಲ್ಲ. ಇನ್ನು ಮೈಯ ಪ್ರಶ್ನೆ. ತಗಡಿನ ಕಾರು ಗುದ್ದಿದರೆ ನುಗ್ಗಾಗುತ್ತದೆ. ಕೋಲಾರದ ಯಾವ ಗ್ಯಾರೇಜಿನಲ್ಲಾದರೂ ಸುತ್ತಿಗೆ ಹಿಡಿದವನು ಅದನ್ನು ಬಡಿದು ಸರಿಪಡಿಸಬಲ್ಲನು. ಗಾಜಿನೆಳೆ ನುಗ್ಗಾಗುವುದಿಲ್ಲ, ಸೀಳುತ್ತದೆ. ಅದಕ್ಕೆ ತೇಪೆ ಹಾಕುವ ರಾಳವೂ ಗೊತ್ತಿರುವ ಕೈಯೂ ಸಣ್ಣ ಊರುಗಳಲ್ಲಿ ದೊರೆಯುವುದು ಅಪರೂಪ. ಪ್ಲಾಸ್ಟಿಕ್ ಕಾರು ಎಂಬ ಅಡ್ಡಹೆಸರು ಒಮ್ಮೆ ಅಂಟಿದ ಮೇಲೆ ಅದನ್ನು ತೊಳೆಯಲಾಗದು. ಈ ಅಂಜಿಕೆ ಸಂಪೂರ್ಣ ನ್ಯಾಯವಾದುದಲ್ಲ; ಆದರೆ ಆಯುಷ್ಯದಲ್ಲಿ ಒಂದೇ ಸಲ ಕಾರು ಕೊಳ್ಳುವವನ ಅಂಜಿಕೆಯನ್ನು ತಪ್ಪೆನ್ನುವುದೂ ಕಷ್ಟ.

ಡಾಲ್ಫಿನ್ ಹೊರಬಂದ ವರ್ಷವೇ, 1982ರ ಅಕ್ಟೋಬರಿನಲ್ಲಿ, ಭಾರತ ಸರ್ಕಾರದ ಮಾರುತಿ ಉದ್ಯೋಗ್ ಸಂಸ್ಥೆಯು ಜಪಾನಿನ ಸುಝುಕಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಸುಝುಕಿ ಸಂಸ್ಥೆಗೆ ಶೇಕಡಾ 26ರ ಪಾಲು ದೊರೆಯಿತು. ಕಾರು ಇನ್ನೂ ಕಣ್ಣಿಗೆ ಬೀಳುವ ಮೊದಲೇ, ತಲಾ ಹತ್ತು ಸಾವಿರ ರೂಪಾಯಿ ಮುಂಗಡ ತೆತ್ತು ಲಕ್ಷಕ್ಕೂ ಮೀರಿ ಜನ ಹೆಸರು ನೋಂದಾಯಿಸಿದರು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದಕೈಯನ್ನು ಗ್ರಾಹಕರಿಗೆ ಹಸ್ತಾಂತರಿಸಿದರು. 796 ಸಿ.ಸಿ.ಯ ಎಂಜಿನ್, ಉಕ್ಕಿನ ಮೈ, ನಾಲ್ಕು ಬಾಗಿಲು, ಬೆಲೆ ಸುಮಾರು ಐವತ್ತು ಸಾವಿರ ರೂಪಾಯಿ. ಗಾತ್ರದಲ್ಲಿಯೂ ಎಂಜಿನ್ನಿನ ಅಳತೆಯಲ್ಲಿಯೂ ಅದು ಡಾಲ್ಫಿನ್ ಕಾರಿನ ಸರಿಜೋಡಿ. ಆದರೆ ಒಂದರ ಹಿಂದೆ ಕೇಂದ್ರ ಸರ್ಕಾರದ ಬಂಡವಾಳ, ಜಪಾನಿನ ಒತ್ತುಯಂತ್ರಗಳು ಹಾಗೂ ಲಕ್ಷದ ಲೆಕ್ಕದಲ್ಲಿ ಕಾರು ತಯಾರಿಸುವ ಅನುಮತಿ ಇದ್ದವು. ಇನ್ನೊಂದರ ಹಿಂದೆ ಬೆಂಗಳೂರಿನ ಕೆಲವು ಅಚ್ಚುಗಳೂ ಕುಂಚ ಹಿಡಿದ ಕೆಲಸಗಾರರೂ ಇದ್ದರು. ಇಟ್ಟಿಗೆಯ ಅಚ್ಚು ಒತ್ತುಯಂತ್ರದೊಡನೆ ಸ್ಪರ್ಧಿಸಬೇಕಾಗಿ ಬಂದಿತು. ಸಂಸ್ಥೆಗೆ ಬೇಕಾಗಿದ್ದುದು ಒಂದು ದಶಕದ ಬಿಡುವು. ಸಿಕ್ಕಿದುದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ.

ಆದರೂ ಸಿಪಾನಿಯವರು ಕೈಚೆಲ್ಲಲಿಲ್ಲ. ಬಾಗಿಲುಗಳ ದೂರನ್ನು ಗಮನಕ್ಕೆ ತಂದುಕೊಂಡು, ಡಾಲ್ಫಿನ್ ಕಾರನ್ನೇ ಆಧರಿಸಿ 1987ರಲ್ಲಿ ಮೊಂಟಾನಾ ಎಂಬ ಮಾದರಿಯನ್ನು ನಿರ್ಮಿಸಿದರು. ಪಕ್ಕದಲ್ಲಿ ನಾಲ್ಕು, ಹಿಂದೆ ಒಂದು, ಹೀಗೆ ಐದು ಬಾಗಿಲುಗಳು. ಮೈ ಮಾತ್ರ ಗಾಜಿನೆಳೆಯದೇ. ಮುಂದೆ ಡೀಸೆಲ್ ಎಂಜಿನ್ನಿನ ಮಾದರಿಯನ್ನೂ ತಂದರು. ವಿದೇಶೀ ನಕಾಶೆಯನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ತಿದ್ದಿದ ಈ ಪ್ರಯತ್ನ ಶ್ಲಾಘನೀಯವಾದುದೇ. ಆದರೆ ಅಷ್ಟರೊಳಗೆ ಮಾರುತಿಯ ದುರಸ್ತಿ ಕೇಂದ್ರಗಳು ಊರೂರಿಗೆ ಹಬ್ಬತೊಡಗಿದ್ದವು. ಬಿಡಿಭಾಗ ಹಾಗೂ ದುರಸ್ತಿಯ ಜಾಲವಿಲ್ಲದ ಕಾರನ್ನು ಮುಳಬಾಗಿಲಿನ ವೈದ್ಯರೋ ಶ್ರೀನಿವಾಸಪುರದ ಮಂಡಿ ವರ್ತಕರೋ ಕೊಳ್ಳುವುದು ಹೇಗೆ?

1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ನಿರ್ಬಂಧ ತೆರವಾಯಿತು. ಇಪ್ಪತ್ತು ವರ್ಷಗಳ ಹಿಂದೆ ದೊರೆತಿದ್ದರೆ ವರವಾಗುತ್ತಿದ್ದ ಈ ಸ್ವಾತಂತ್ರ್ಯವು ಈಗ ವಿದೇಶೀ ಸಂಸ್ಥೆಗಳನ್ನು ಒಳಗೆ ಕರೆಯಿತು. ಸಿಪಾನಿ ಸಂಸ್ಥೆಯು ಸಣ್ಣ ಕಾರಿನ ಹಂಬಲವನ್ನು ಬಿಟ್ಟು, ಇಂಗ್ಲೆಂಡಿನ ರೋವರ್ ಸಂಸ್ಥೆಯ ಮೊಂಟೆಗೋ ಎಂಬ ದೊಡ್ಡ ಕಾರನ್ನು ಜೋಡಿಸಿ ಮಾರಲು ಮುಂದಾಯಿತು. ತವರಿನಲ್ಲಿಯೇ 1984ರಿಂದ ಓಡಿ ಹಳತಾಗಿದ್ದ, ಬೆಲೆಯೂ ಅಧಿಕವಾಗಿದ್ದ ಆ ಕಾರು ಇಲ್ಲಿ ಅತ್ಯಲ್ಪ ಸಂಖ್ಯೆಯಲ್ಲಿ ಮಾರಾಟವಾಯಿತು. ಡಾಲ್ಫಿನ್ ಕಾರಿನ ಬಗೆಗೆ ಮರುಕಪಡಬಹುದು. ಮೊಂಟೆಗೋ ನಿರ್ಧಾರವನ್ನು ಸಮರ್ಥಿಸುವುದು ಕಷ್ಟ. 1990ರ ದಶಕ ಮುಗಿಯುವುದರೊಳಗೆ ಕಾರು ತಯಾರಿಕೆ ನಿಂತಿತು.

ಬೆಂಗಳೂರಿನ ಪುಟ್ಟ ಕಾರಿನ ಹಂಬಲ ಅಲ್ಲಿಗೆ ತೀರಲಿಲ್ಲ. 2001ರಲ್ಲಿ ಚೇತನ್ ಮೈನಿಯವರ ರೇವಾ ಎಂಬ ವಿದ್ಯುತ್ ಕಾರು ಅದೇ ನಗರದಲ್ಲಿ ಜನಿಸಿತು. ಉಕ್ಕಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಲಗೆಗಳ ಮೈ, ಎರಡು ಬಾಗಿಲು. ಲಂಡನ್ ನಗರದಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಮಹೀಂದ್ರಾ ಸಂಸ್ಥೆ ಅದನ್ನು ಕೊಂಡಿತು. ಕೋಲಾರ ತಾಲೂಕಿನ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸಂಸ್ಥೆಯ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಅದೇ ನರಸಾಪುರದಲ್ಲಿ ಸ್ವೀಡನ್ನಿನ ಸ್ಕ್ಯಾನಿಯಾ ಸಂಸ್ಥೆಯು 2015ರಲ್ಲಿ ತೆರೆದ ಬಸ್ಸು ನಿರ್ಮಾಣದ ಘಟಕವು 2018ರಲ್ಲಿ ಮುಚ್ಚಿತು. ಬಾದಲ್ ವಾಹನವನ್ನು ತಯಾರಿಸಿದ ಸಂಸ್ಥೆ ಎರಡು ದಶಕ ಬಾಳಿತ್ತು. ಜಗದ್ವಿಖ್ಯಾತ ಸ್ಕ್ಯಾನಿಯಾದ ಬಸ್ಸು ಘಟಕ ಇಲ್ಲಿ ಬಾಳಿದುದು ಮೂರು ವರ್ಷ.